ಗಿಟಾರ್ ಗದ್ದಲದಲ್ಲಿ ಗಾಯಕನ ದನಿ



ರಾಕ್ ಸಂಗೀತವೆಂದರೆ ಬರೀ ಗದ್ದಲ ಎಂದು ಮೂಗು ಮುರಿಯುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆದರೆ ಆ ಗದ್ದಲಕ್ಕೂ ಒಂದು ಚರಿತ್ರೆಯಿದೆ.

1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಬೀಟಲ್ಸ್ ಹಾಡಿದಾಗ ಸೇರಿದ್ದವರು 55 ಸಾವಿರಕ್ಕೂ ಮಿಕ್ಕ ಜನ. ಗಿಟಾರ್‌ಗಳಿಗೆ ವಾಕ್ಸ್ ಕಂಪನಿಯ 100 ವಾಟ್ ಆಂಪ್ಲಿಫೈಯರ್‌ಗಳಿದ್ದವು. ಅಭಿಮಾನಿಗಳ ಕಿರುಚಾಟದ ಮುಂದೆ ಅವು ಏನೂ ಸಾಲಲಿಲ್ಲ. ತಮ್ಮ ದನಿ ತಮಗೆ ಕೇಳಿಸುವ ಮಾನಿಟರ್ ಸ್ಪೀಕರ್‌ಗಳೂ ವೇದಿಕೆಯಲ್ಲಿರಲಿಲ್ಲ. ಡ್ರಮ್ಸ್ ಬಾರಿಸುತ್ತಿದ್ದ ರಿಂಗೊ ಸ್ಟಾರ್ ಆ ದಿನಗಳಲ್ಲಿ ಗೆಳೆಯರ ಮೈ ಕುಣಿತ ನೋಡಿ ಹಾಡು ಎಲ್ಲಿಗೆ ಬಂತೆಂದು ಊಹಿಸಬೇಕಾಗಿತ್ತು! 1966ರ ಆಗಸ್ಟ್ 29ರ ಸ್ಯಾನ್‌ಫ್ರಾನ್ಸಿಸ್ಕೊ ಕಛೇರಿಯ ನಂತರ ಅವರು ಪ್ರವಾಸವನ್ನೇ ಬಿಟ್ಟರು. ಕಾರಣಗಳು ಹಲವು, ತಮ್ಮ ಸಂಗೀತ ತಮಗೇ ಕೇಳದಿದ್ದುದೂ ಅವುಗಳಲ್ಲೊಂದು.

ಇತ್ತ ಲಂಡನ್ನಿನಲ್ಲಿ ಜಿಮ್ ಮಾರ್ಷಲ್ ಎಂಬ ಡ್ರಮ್ಸ್ ಮೇಷ್ಟ್ರು ವಾದ್ಯಗಳ ಅಂಗಡಿ ಇಟ್ಟಿದ್ದರು. ‘ದಿ ಹೂ’ ತಂಡದ ಪೀಟ್ ಟೌನ್ಸೆಂಡ್ ಇನ್ನೂ ಜೋರು ಬೇಕೆಂದು ಪಟ್ಟು ಹಿಡಿದಾಗ ಮಾರ್ಷಲ್ ಕೂಡ 100 ವಾಟ್‌ಗೆ ಏರಿದರು. ಎಂಟು ಸ್ಪೀಕರ್‌ಗಳ ಒಂದೇ ಪೆಟ್ಟಿಗೆ ಹೊರಲಾರದಷ್ಟು ಭಾರವಾಯಿತು. ಆಮೇಲೆ ಅದನ್ನು ನಾಲ್ಕರ ಎರಡು ಪೆಟ್ಟಿಗೆಗಳಾಗಿ ಒಂದರ ಮೇಲೊಂದು ಪೇರಿಸಲಾಯಿತು. ಮುಂದೆ ಟೌನ್ಸೆಂಡ್ ಅವರ ಕಿವಿಗಳೇ ಕೆಟ್ಟವು. ಅದಕ್ಕೆ ಅವರು ಹೆಡ್‌ಫೋನನ್ನು ದೂರಿದ್ದೂ ಉಂಟು, ಆ ಮಾತು ಬೇರೆ.

ವಾಟ್ ಇಮ್ಮಡಿಯಾದರೆ ಸದ್ದೂ ಇಮ್ಮಡಿಯಾಗುವುದೆಂದು ಹಲವರ ನಂಬಿಕೆ. ಹಾಗಲ್ಲ. 50ರಿಂದ 100 ವಾಟ್‌ಗೆ ಹೋದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಅನ್ನಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಇನ್ನೊಂದು ತೊಡಕೆಂದರೆ, ಗಿಟಾರ್ ಸ್ಪೀಕರಿನ ತೀಕ್ಷ್ಣ ಸ್ವರಗಳು ಟಾರ್ಚಿನ ಬೆಳಕಿನಂತೆ ನೇರವಾಗಿ ಹೋಗುತ್ತವೆ. ಪೆಟ್ಟಿಗೆ ನೆಲದ ಮೇಲಿದ್ದರೆ ಅವು ವಾದಕನ ಮೊಣಕಾಲಿಗೆ ಬಡಿಯುತ್ತವೆ, ಮುಂದಿನ ಸಾಲಿನವರ ಕಿವಿಗೆ ಚುಚ್ಚುತ್ತವೆ. ತನಗೆ ಕೇಳಲಿಲ್ಲವೆಂದು ಆತ ಗುಂಡಿ ತಿರುಗಿಸುತ್ತಾನೆ. ಡ್ರಮ್ಸ್‌ನವನು ಇನ್ನೂ ಬಲವಾಗಿ ಬಡಿಯುತ್ತಾನೆ. ಪಾಪ, ಗಾಯಕನ ಗಂಟಲಿಗೆ ಗುಂಡಿಯಿಲ್ಲ. ಅವನ ಮೈಕಿಗೂ ಗಿಟಾರೇ ನುಗ್ಗುತ್ತದೆ.

ಪೆಟ್ಟಿಗೆಯನ್ನು ಕುರ್ಚಿಯ ಮೇಲೇರಿಸಿ ವಾದಕನ ಕಿವಿಯತ್ತ ಓರೆ ಮಾಡಿದರೆ ಅರ್ಧ ಜಗಳ ತೀರುತ್ತದೆ. ಉಳಿದರ್ಧ ಸ್ವರದ್ದು. ಗಿಟಾರಿನ ಅತಿ ಮಂದ್ರ ತಂತಿ ಸೆಕೆಂಡಿಗೆ 82 ಸಲ ಕಂಪಿಸಿದರೆ ಬೇಸ್ ಗಿಟಾರಿನದು 41 ಸಲ. ಮನೆಯಲ್ಲಿ ಒಬ್ಬನೇ ನುಡಿಸುವಾಗ ಹಿತವೆನಿಸುವ ಗಿಟಾರಿನ ಗುಂಯ್‌ಗುಡುವಿಕೆ ತಂಡದೊಳಗೆ ಬೇಸ್‌ನ ಜಾಗವನ್ನು ಕಬಳಿಸುತ್ತದೆ. ಅದನ್ನು ತಗ್ಗಿಸಿ ನಡುಸ್ವರಗಳನ್ನು ಉಳಿಸಿಕೊಂಡರೆ, ಸದ್ದು ಏರಿಸದೆಯೇ ಗಿಟಾರ್ ಕೇಳುತ್ತದೆ.

1974ರಲ್ಲಿ ಅಮೆರಿಕದ ‘ಗ್ರೇಟ್‌ಫುಲ್ ಡೆಡ್’ ತಂಡ ಮಾನಿಟರ್‌ಗಳ ಗೊಡವೆಯನ್ನೇ ಬಿಟ್ಟು, ಸುಮಾರು 600 ಸ್ಪೀಕರ್‌ಗಳ ಗೋಡೆಯನ್ನು ತನ್ನ ಬೆನ್ನ ಹಿಂದೆ ಕಟ್ಟಿತು. ಕೇಳುಗರಿಗೆ ಕೇಳಿದ್ದೇ ವಾದಕರಿಗೂ ಕೇಳುತ್ತಿತ್ತು. ಮೈಕುಗಳು ಕೂಗದಂತೆ ಪ್ರತಿ ಗಾಯಕನಿಗೂ ಎರಡು ಮೈಕುಗಳನ್ನು ವಿರುದ್ಧವಾಗಿ ಜೋಡಿಸಿದ್ದರು. ಎರಡಕ್ಕೂ ಒಟ್ಟಿಗೆ ತಲುಪುವ ಗೋಡೆಯ ಸದ್ದು ಅಲ್ಲೇ ವಜಾ! ಹಾಡಬೇಕಾದದ್ದು ಒಂದಕ್ಕೆ ಮಾತ್ರ. ಗೋಡೆ ಸಾಗಿಸುವ ಲಾರಿಗಳ ಖರ್ಚು ತಾಳಲಾರದಾಗಿ, ಅದೇ ಅಕ್ಟೋಬರಿನ ಕಛೇರಿಗಳ ನಂತರ ಅದನ್ನು ಬಿಚ್ಚಿದರು.