ಪದಗಳ ಸಹವಾಸ

(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಮನುಷ್ಯನ ಗುಣವನ್ನು ಅವನ ಸಹವಾಸದಿಂದ ಅರಿಯಬೇಕೆಂದು ಹಿರಿಯರು ಹೇಳುವುದುಂಟು. ಪದದ ಅರ್ಥವನ್ನೂ ಹಾಗೆಯೇ ಅರಿಯಬೇಕೆಂದು ಇಂಗ್ಲೆಂಡಿನ ಭಾಷಾವಿಜ್ಞಾನಿ ಜೆ. ಆರ್. ಫರ್ತ್ ಅವರು 1957ರಲ್ಲಿ ಬರೆದರು. ಇಂದು ಗಣಕಯಂತ್ರವು ಇದೇ ತತ್ತ್ವದಿಂದ ಭಾಷೆಯನ್ನು ಕಲಿಯುತ್ತಿದೆ.

ನಮ್ಮಲ್ಲಿ ಕೆಲವರು 'ಶೇಂಗಾ' ಎನ್ನುತ್ತಾರೆ, ಕೆಲವರು 'ಕಡಲೆಕಾಯಿ' ಎನ್ನುತ್ತಾರೆ. ಎರಡರ ಸುತ್ತಲೂ ಬಿತ್ತನೆ, ಮಳೆ, ಎಣ್ಣೆ ಎಂಬ ಮಾತುಗಳೇ ಬರುತ್ತವೆ. ಲಕ್ಷಾಂತರ ವಾಕ್ಯಗಳನ್ನು ಓದಿದ ಯಂತ್ರವು ಇದನ್ನು ಗುರುತಿಸಿ, ಪ್ರತಿಯೊಂದು ಪದಕ್ಕೂ ಕೆಲವು ನೂರು ಸಂಖ್ಯೆಗಳ ಸಾಲೊಂದನ್ನು ಕೊಡುತ್ತದೆ. ಇದಕ್ಕೆ 'ವರ್ಡ್ ಎಂಬೆಡಿಂಗ್' ಎಂದು ಹೆಸರು. ಭೂಪಟದ ಊರುಗಳಂತೆ, ಒಂದೇ ಸಹವಾಸದ ಪದಗಳು ಆ ಲೆಕ್ಕದಲ್ಲಿ ನೆರೆಹೊರೆಯಾಗುತ್ತವೆ.

ಸಮಾಜಶಾಸ್ತ್ರಜ್ಞರು ಈ ಪಟದಲ್ಲಿ ಜನರ ಮನಸ್ಸನ್ನೇ ಓದುತ್ತಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ವಾಂಸರು ನೂರು ವರ್ಷಗಳ ಇಂಗ್ಲಿಷ್ ಬರಹವನ್ನು ಹೀಗೆ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಹೆಂಗಸರನ್ನು ಸೂಚಿಸುವ ಪದಗಳಿಗೆ ಯಾವ ವೃತ್ತಿಯ ಹೆಸರು ಎಷ್ಟು ಹತ್ತಿರವೆಂದು ಅಳೆದು, ಜನಗಣತಿಯೊಡನೆ ಹೋಲಿಸಿದರು. ಸಮಾಜವು ಬದಲಾದಂತೆ ಪದಗಳ ನಡುವಣ ದೂರವೂ ಬದಲಾಗಿತ್ತು. ಯಾರೂ ಬೇಕೆಂದು ಕಲಿಸದಿದ್ದರೂ ಮನುಷ್ಯರ ಪೂರ್ವಾಗ್ರಹಗಳು ಬರಹದ ಮೂಲಕ ಯಂತ್ರಕ್ಕೆ ಅಂಟುತ್ತವೆಂದು 2017ರ ಇನ್ನೊಂದು ಅಧ್ಯಯನವು ತೋರಿಸಿತ್ತು.

ಇದರಿಂದ ನಮಗೇನೆಂದು ತಾವು ಕೇಳಬಹುದು. ರಾಯದುರ್ಗವು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರ ರಾಜ್ಯಕ್ಕೆ ಸೇರಿತು. ಮಡಕಶಿರಾ 2022ರಲ್ಲಿ ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗಡಿಗಳು ಸರಿದರೂ ಮನೆಗಳಲ್ಲಿ ಕನ್ನಡವು ಉಳಿದಿದೆ. 2018ರಲ್ಲಿ 157 ಭಾಷೆಗಳಿಗೆ ಇಂತಹ ಪದಪಟಗಳನ್ನು ಪ್ರಕಟಿಸಿದಾಗ ಕನ್ನಡವೂ ಅದರಲ್ಲಿ ಸೇರಿತ್ತು. ಆದರೆ ಅದಕ್ಕೆ ಆಧಾರವಾದುದು ವಿಕಿಪೀಡಿಯ ಮತ್ತು ಅಂತರಜಾಲದ ಬರಹಗಳು. ತೆಲುಗಿನ ನೆರೆಯಲ್ಲಿ ಬೆಳೆದ ನಮ್ಮ ಅಜ್ಜಿಯರ ಮಾತನ್ನು ಯಾರೂ ಬರೆದಿಡದಿದ್ದರೆ ಅದು ಅಲ್ಲಿಗೆ ಹೇಗೆ ಸೇರೀತು? ಬರೆಯದ ಮಾತು ಯಂತ್ರದ ಪಾಲಿಗೆ ಇಲ್ಲದ ಮಾತು. ನಾಳೆ ಕನ್ನಡಿಗರ ನಡೆನುಡಿಯನ್ನು ಯಂತ್ರದಿಂದ ಅಳೆಯುವವರಿಗೆ ನಾವು ಕಾಣಿಸದೆಯೇ ಹೋದೇವು.

ಆದುದರಿಂದ ವಿದ್ಯಾರ್ಥಿಗಳೇ, ಈ ರಜೆಯಲ್ಲಿ ಅಜ್ಜಿಯ ಬಳಿ ಕುಳಿತು ಅವರ ಮಾತನ್ನು ಬರೆದುಕೊಳ್ಳಿರಿ. ಒಂಟಿ ಪದವನ್ನಲ್ಲ, ಅದು ಬಂದ ವಾಕ್ಯವನ್ನೇ ಪೂರ್ತಿಯಾಗಿ ಬರೆಯಿರಿ. ಪದದ ಪ್ರಾಣವಿರುವುದು ಸಹವಾಸದಲ್ಲಿ. ತಾಯಿತಂದೆಗಳಲ್ಲಿಯೂ ಒಂದು ಅರಿಕೆ. ನಮ್ಮ ಮಾತಿನಲ್ಲಿ 'ಮಗಳು' ಎಂಬ ಪದದ ನೆರೆಯಲ್ಲಿ 'ಮದುವೆ' ಒಂದೇ ಇರದಿರಲಿ, 'ಓದು' ಎಂಬುದೂ ಇರಲಿ. ಯಂತ್ರಕ್ಕಿಂತ ಮೊದಲು ನಮ್ಮ ಮಾತನ್ನು ಕೇಳಿ ಕಲಿಯುವವರು ನಮ್ಮ ಮಕ್ಕಳೇ ಅಲ್ಲವೇ?