ಕೊಂದದ್ದು ಹೌದು, ಆದರೆ…



ಕೊಲೆ ಮೊಕದ್ದಮೆ ಎಂದಕೂಡಲೆ ಕೊಂದವರು ಯಾರು ಎಂಬ ಹುಡುಕಾಟ ನಮ್ಮ ಕಣ್ಣೆದುರು ಬರುತ್ತದೆ. ಪತ್ತೇದಾರಿ ಕಾದಂಬರಿ, ಸಿನಿಮಾ ಎರಡೂ ನಮಗೆ ಕಲಿಸಿದ್ದು ಅದನ್ನೇ. ಆದರೆ ಎಷ್ಟೋ ಮೊಕದ್ದಮೆಗಳಲ್ಲಿ ಆ ಪ್ರಶ್ನೆ ಏಳುವುದೇ ಇಲ್ಲ. ಕಟಕಟೆಯಲ್ಲಿ ನಿಂತವನೇ, 'ಹೌದು ಸ್ವಾಮಿ, ಏಟು ಹಾಕಿದ್ದು ನಾನೇ. ಹಾಕದಿದ್ದರೆ ಈ ಹೊತ್ತು ಹೆಣವಾಗಿರುತ್ತಿದ್ದವನು ನಾನು' ಎನ್ನುತ್ತಾನೆ. ಸತ್ತವನು ಬಂದು ತನ್ನ ಕಡೆಯ ಮಾತು ಹೇಳಲಾರ. ಬದುಕಿದವನಿಗೆ ತನ್ನ ತಲೆ ಉಳಿಸಿಕೊಳ್ಳುವ ಚಿಂತೆ. ಇಂಥ ಮಾತನ್ನು ಎಷ್ಟು ನಂಬಬೇಕು? ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಉತ್ತರ ರೂಪುಗೊಂಡ ಬಗೆಯನ್ನು ಇವತ್ತು ನೋಡೋಣ.

ಪ್ರಶ್ನೆ ಹೊಸದಲ್ಲ. ಬೆಂಕಿ ಇಡುವವನು, ವಿಷ ಹಾಕುವವನು, ಆಯುಧ ಹಿಡಿದು ಮೇಲೆ ಬೀಳುವವನು, ಇಂಥವರನ್ನು ಧರ್ಮಶಾಸ್ತ್ರಗಳು ಆತತಾಯಿ ಎಂದು ಕರೆದವು. ಆತತಾಯಿಯನ್ನು ಕೊಂದರೆ ದೋಷವಿಲ್ಲ ಎಂದು ಮನುಸ್ಮೃತಿ ಹೇಳಿಬಿಟ್ಟಿತು. ಆ ಮಾತನ್ನು ಹಾಗೆಯೇ ಒಪ್ಪದೆ ಒರೆಗೆ ಹಚ್ಚಿದವರಲ್ಲಿ ನಮ್ಮ ನೆಲದ ವಿಜ್ಞಾನೇಶ್ವರನೂ ಒಬ್ಬ. ಇಂದಿನ ಬಸವಕಲ್ಯಾಣ ಅಂದು ಕಲ್ಯಾಣವಾಗಿದ್ದಾಗ, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದವನು ಅವನು. ಬ್ರಾಹ್ಮಣ ಮೊದಲಾದವರೇ ಆತತಾಯಿಗಳಾಗಿ ಬಂದರೆ ಏನು ಮಾಡಬೇಕು ಎಂಬಲ್ಲಿ ಅವನು ಒಂದು ಗೆರೆ ಎಳೆದ. ತಡೆಯುವುದಷ್ಟೇ ಉದ್ದೇಶವಾಗಿದ್ದು, ಆ ತಡೆಯುವ ಭರದಲ್ಲಿ ಎದುರಾಳಿ ಸತ್ತರೆ ಅದಕ್ಕೆ ರಾಜದಂಡನೆ ಇಲ್ಲ. ಕೊಲ್ಲಬೇಕೆಂದೇ ಕೊಂದರೆ ಆ ರಿಯಾಯಿತಿ ಇಲ್ಲ. ಜಾತಿಯ ಎಣಿಕೆಯನ್ನು ಬದಿಗಿಟ್ಟು ನೋಡಿದರೆ, ತಡೆಯುವುದಕ್ಕೂ ಕೊಲ್ಲುವುದಕ್ಕೂ ನಡುವಿನ ಈ ಗೆರೆಯ ಮೇಲೆಯೇ ಇಂದಿನ ವಕೀಲರೂ ವಾದಿಸುತ್ತಾರೆ.

ಬ್ರಿಟಿಷರ ಕಾಲಕ್ಕೆ ಬರೋಣ. 1837ರಲ್ಲಿ ಮೆಕಾಲೆ ಮತ್ತು ಅವನ ಸಂಗಡಿಗರು ದಂಡ ಸಂಹಿತೆಯ ಕರಡು ಸಿದ್ಧಪಡಿಸಿದರು. ಈ ದೇಶದ ಜನ ಡಕಾಯಿತರ ಹಾವಳಿಯನ್ನು ಸುಮ್ಮನೆ ಸಹಿಸುತ್ತಾರೆ, ಅವರಿಗೆ ಎದುರಿಸಿ ನಿಲ್ಲುವ ಧೈರ್ಯ ಬರಬೇಕು ಎಂಬುದು ಅವನ ಎಣಿಕೆ. ಆಳುವವರ ಠೇಂಕಾರ ಆ ಮಾತಿನಲ್ಲಿ ಇದ್ದೇ ಇದೆ. ಆದರೂ ಅದರಿಂದಾಗಿ ಆತ್ಮರಕ್ಷಣೆಯ ಹಕ್ಕು ನಮ್ಮ ಕಾನೂನಿನಲ್ಲಿ ಧಾರಾಳವಾಗಿಯೇ ಸೇರಿತು. 1860ರ ದಂಡ ಸಂಹಿತೆಯ 96ರಿಂದ 106ರವರೆಗಿನ ಕಲಮುಗಳು ಇದಕ್ಕೇ ಮೀಸಲಾಗಿದ್ದವು. ಸಾವಿನ ಅಥವಾ ತೀವ್ರ ಗಾಯದ ಭಯ ನ್ಯಾಯವಾಗಿಯೇ ಹುಟ್ಟಿದ್ದರೆ ಎದುರಾಳಿಯ ಪ್ರಾಣ ತೆಗೆದರೂ ಅಪರಾಧವಲ್ಲ. ಆದರೆ ಪೊಲೀಸರ ಮೊರೆ ಹೋಗುವಷ್ಟು ಸಮಯವಿದ್ದರೆ ಹಕ್ಕಿಲ್ಲ. ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಹಕ್ಕು ಇದ್ದೂ ಸದ್ಭಾವನೆಯಿಂದಲೇ ಮಿತಿ ಮೀರಿದರೆ ಅದು ಕೊಲೆಯಲ್ಲ, ಅದಕ್ಕಿಂತ ಕಡಿಮೆ ದರ್ಜೆಯ ನರಹತ್ಯೆ.

ಹಕ್ಕು ಬಂತು. ಅದನ್ನು ಸಾಬೀತು ಮಾಡುವ ಹೊಣೆ ಯಾರದು? ಫಿಟ್ಜ್‌ಜೇಮ್ಸ್ ಸ್ಟೀಫನ್ ರೂಪಿಸಿದ 1872ರ ಸಾಕ್ಷ್ಯ ಅಧಿನಿಯಮದ 105ನೆಯ ಕಲಮು ಅದನ್ನು ಆರೋಪಿಯ ಹೆಗಲಿಗೇ ಹಾಕಿತು. ಕೊಂದೆ ಎಂದು ಒಪ್ಪಿದವನು ಈಗ ಆತ್ಮರಕ್ಷಣೆಯನ್ನೂ ಪೂರ್ತಿ ಸಾಧಿಸಿ ತೋರಿಸಬೇಕೇ? ಅರ್ಧ ಮಾತ್ರ ತೋರಿಸಲು ಆದರೆ ನೇಣಿಗೆ ಹೋಗಬೇಕೇ?

ಉತ್ತರದ ಎಳೆ ಸಿಕ್ಕಿದ್ದು ಹೊರಗಿನಿಂದ. 1935ರಲ್ಲಿ ಇಂಗ್ಲೆಂಡಿನ ಲಾರ್ಡ್ಸ್ ಸಭೆಯ ಮುಂದೆ ವುಲ್ಮಿಂಗ್‌ಟನ್ ಎಂಬ ಯುವ ಕೃಷಿಕಾರ್ಮಿಕನ ಮೇಲ್ಮನವಿ ಬಂತು. ಕೋವಿ ತಾನಾಗಿ ಹಾರಿ ಹೆಂಡತಿ ಸತ್ತಳು ಎಂಬುದು ಅವನ ಮಾತು. ಆರೋಪವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತು ಮಾಡುವ ಹೊಣೆ ಕೊನೆಯವರೆಗೂ ಸರ್ಕಾರಿ ಪಕ್ಷದ್ದೇ ಎಂದು ಲಾರ್ಡ್ ಸ್ಯಾಂಕಿ ಸಾರಿದರು; ಅವನು ಬಿಡುಗಡೆಯಾದ. ನಮ್ಮಲ್ಲಿ 1941ರಲ್ಲಿ, ಆತ್ಮರಕ್ಷಣೆಯ ಪ್ರಶ್ನೆಯೇ ಇದ್ದ ಪ್ರಭು ಎಂಬವನ ಮೊಕದ್ದಮೆಯಲ್ಲಿ, ಅಲಹಾಬಾದ್ ಹೈಕೋರ್ಟಿನ ಪೂರ್ಣ ಪೀಠ 105ನೆಯ ಕಲಮನ್ನು ಈ ತತ್ವದ ಜೊತೆ ಹೊಂದಿಸಿತು. ಆರೋಪಿ ತನ್ನ ವಾದವನ್ನು ಪೂರ್ತಿ ಸಾಧಿಸದೇ ಹೋದರೂ, ಎಲ್ಲ ಸಾಕ್ಷ್ಯ ನೋಡಿದ ಮೇಲೆ 'ಹೀಗೂ ನಡೆದಿರಬಹುದು' ಎಂಬ ನ್ಯಾಯವಾದ ಸಂಶಯ ಉಳಿದರೆ ಅದರ ಲಾಭ ಅವನಿಗೇ ಸಲ್ಲಬೇಕು. 1990ರಲ್ಲಿ ವಿಜಯೀ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಇದೇ ದಾರಿ ಹಿಡಿಯಿತು.

ಇನ್ನು, ತಡೆಯುವುದಕ್ಕೂ ಕೊಲ್ಲುವುದಕ್ಕೂ ನಡುವಿನ ಆ ಗೆರೆ ಎಲ್ಲಿದೆ ಎಂದು ತಿಳಿಯಲು 1960ರ ದಶಕದ ಆರಂಭದ ಕಾನೂನು ವರದಿಗಳಲ್ಲಿರುವ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ಮೊದಲನೆಯದು ಉತ್ತರ ಪ್ರದೇಶದ ವಿಶ್ವನಾಥ್ ಪ್ರಕರಣ. ತವರಿನಲ್ಲಿದ್ದ ಹೆಂಡತಿಯನ್ನು ಗಂಡ ಬಲವಂತವಾಗಿ ಹೊರಗೆಳೆಯುತ್ತಿದ್ದಾನೆ. ಅವಳು ಬಾಗಿಲು ಹಿಡಿದುಕೊಂಡಿದ್ದಾಳೆ. ಅವಳ ಸಹೋದರ ವಿಶ್ವನಾಥ್ ಜೇಬಿನ ಚಾಕು ತೆಗೆದು ಒಂದೇ ಒಂದು ಸಲ ಇರಿದ. ಭಾವ ಸತ್ತ. ಹೈಕೋರ್ಟ್ ಶಿಕ್ಷೆ ಕೊಟ್ಟಿತು, ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಗಂಡನೇ ಆದರೂ ಹಲ್ಲೆ ಮಾಡಿ ಎಳೆದೊಯ್ಯುವಾಗ ರಕ್ಷಣೆಯ ಹಕ್ಕು ಹುಟ್ಟುತ್ತದೆ, ಒಂದೇ ಏಟು ಹಾಕಿದವನು ಮಿತಿ ಮೀರಿದ ಎನ್ನಲಾಗದು ಎಂಬುದು ತೀರ್ಪಿನ ಸಾರ.

ಎರಡನೆಯದು ಪಂಜಾಬಿನ ಜೈದೇವ್ ಪ್ರಕರಣ. ಹೊಲದ ವಿಚಾರಕ್ಕೆ ಎರಡು ಗುಂಪುಗಳ ನಡುವೆ ಹೊಡೆದಾಟ. ಆರಂಭದಲ್ಲಿ ಆರೋಪಿಗಳಿಗೆ ಹಕ್ಕಿತ್ತು. ಆದರೆ ಎದುರಾಳಿಗಳು ಓಡತೊಡಗಿದ ಮೇಲೂ ಗುಂಡು ಹಾರಿಸಿದರು. ಭಯ ಮುಗಿದಲ್ಲಿಗೆ ಹಕ್ಕೂ ಮುಗಿಯಿತು ಎಂದಿತು ನ್ಯಾಯಾಲಯ. ಆದರೂ ಜೀವಭಯದಲ್ಲಿ ಹೊಡೆದ ಏಟನ್ನು ಚಿನ್ನ ತೂಗುವ ತಕ್ಕಡಿಯಲ್ಲಿ ತೂಗಬಾರದು ಎಂಬ ಎಚ್ಚರಿಕೆಯನ್ನು ನಮ್ಮ ನ್ಯಾಯಾಲಯಗಳು ಮತ್ತೆ ಮತ್ತೆ ಹೇಳುತ್ತ ಬಂದಿವೆ.

ಹಾಗಾದರೆ ಯಾವುದರಿಂದ ತೂಗುತ್ತಾರೆ? ಬಹುಮಟ್ಟಿಗೆ ಮೈಮೇಲಿನ ಗುರುತುಗಳಿಂದ. ಎದೆಗೆ ಬಿದ್ದ ಏಟೋ, ಬೆನ್ನಿಗೋ? ಅಂಗೈಯಲ್ಲಿ, ಮುಂಗೈಯಲ್ಲಿ ತಡೆದ ಗಾಯಗಳಿವೆಯೇ? ಗುಂಡೇಟಿನ ಸುತ್ತ ಮದ್ದಿನ ಕಪ್ಪು ಹತ್ತಿದೆಯೇ, ಅಂದರೆ ಹತ್ತಿರದಿಂದ ಹಾರಿಸಿದ್ದೇ? 1959ರಲ್ಲಿ ಮುಂಬಯಿಯನ್ನು ಅಲ್ಲಾಡಿಸಿದ ನಾನಾವತಿ ಪ್ರಕರಣವನ್ನೇ ನೋಡಿ. ಅಲ್ಲಿ ಹೂಡಿದ್ದು ಆತ್ಮರಕ್ಷಣೆಯ ವಾದವಲ್ಲ, ಅದರ ನೆರೆಮನೆಯ ವಾದ: ರಿವಾಲ್ವರಿಗಾಗಿ ಆರೋಪಿಯೂ ಸತ್ತವನೂ ಜಗ್ಗಾಡುವಾಗ ಗುಂಡು ತಾನಾಗಿ ಹಾರಿತು ಎಂದು. ಒಂಬತ್ತು ಮಂದಿ ಜ್ಯೂರಿಗಳಲ್ಲಿ ಎಂಟು ಮಂದಿ ನಿರ್ದೋಷಿ ಎಂದರು. ಮೇಲಿನ ನ್ಯಾಯಾಲಯಗಳು ಒಪ್ಪಲಿಲ್ಲ. ಸತ್ತವನು ಸ್ನಾನ ಮುಗಿಸಿ ಸುತ್ತಿಕೊಂಡಿದ್ದ ಟವೆಲ್ ಮೈಮೇಲೆ ಹಾಗೆಯೇ ಇತ್ತು. ಇಬ್ಬರು ಗಂಡಸರು ಜೀವದ ಹಂಗು ತೊರೆದು ಗುದ್ದಾಡಿದ್ದರೆ ಅದು ಸಡಿಲವಾಗದೆ ಉಳಿಯುತ್ತಿತ್ತೇ? 1961ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು.

ಸರ್ಕಾರಿ ಪಕ್ಷಕ್ಕೂ ಇದೇ ಪರೀಕ್ಷೆ. ಗಲಾಟೆಯಲ್ಲಿ ಆರೋಪಿಗೂ ಬಲವಾದ ಗಾಯಗಳಾಗಿದ್ದು, ಸಾಕ್ಷಿಗಳು ಅದರ ಸುದ್ದಿಯನ್ನೇ ಎತ್ತದಿದ್ದರೆ ಏನರ್ಥ? 1976ರ ಲಕ್ಷ್ಮೀ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಜಗಳ ಹುಟ್ಟಿದ ಬಗೆಯನ್ನು ಬಚ್ಚಿಟ್ಟಿರಬಹುದು, ಸಾಕ್ಷಿಗಳು ಸುಳ್ಳಾಡುತ್ತಿರಬಹುದು, ಆರೋಪಿಯ ಮಾತೇ ನಿಜವಿರಬಹುದು. ತರಚು ಗಾಯಗಳಿಗೆ ಇಷ್ಟು ವಿವರಣೆ ಬೇಕಿಲ್ಲ ಎಂದು ಅದೇ ತೀರ್ಪೂ ಮುಂದಿನ ತೀರ್ಪುಗಳೂ ಹೇಳಿದವು. ಆರೋಪಿ ಬಾಯಿಬಿಟ್ಟು ಆತ್ಮರಕ್ಷಣೆ ಎನ್ನದಿದ್ದರೂ, ಸರ್ಕಾರಿ ಸಾಕ್ಷಿಗಳ ಪಾಟೀಸವಾಲಿನಲ್ಲೇ ಅದು ಹೊರಬಿದ್ದರೆ ನ್ಯಾಯಾಲಯ ಗಮನಿಸಬೇಕು ಎಂಬುದೂ 1967ರ ಮುನ್ಷಿ ರಾಮ್ ತೀರ್ಪಿನಿಂದ ಗಟ್ಟಿಯಾಯಿತು.

2024ರ ಜುಲೈ 1ರಿಂದ ಹಳೆಯ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಆತ್ಮರಕ್ಷಣೆಯ ಕಲಮುಗಳು ಈಗ 34ರಿಂದ 44. ಅಂಕಿ ಬದಲಾಯಿತು, ತಿರುಳು ಬದಲಾಗಲಿಲ್ಲ. ಈ ಎಲ್ಲ ತೀರ್ಪುಗಳಿಂದ ನಮ್ಮಂಥವರು ನೆನಪಿಡಬೇಕಾದ್ದು ಇಷ್ಟು: ಹೊಡೆದಾಟದ ರಾತ್ರಿ ಆಸ್ಪತ್ರೆಯ ವೈದ್ಯರು ಇಬ್ಬರ ಮೈಮೇಲಿನ ಗಾಯಗಳನ್ನೂ ಬರೆದಿಡಬೇಕು, ಪೊಲೀಸರು ಇಬ್ಬರ ದೂರನ್ನೂ ದಾಖಲಿಸಬೇಕು. ಆ ರಾತ್ರಿ ಬರೆಯದೆ ಬಿಟ್ಟದ್ದನ್ನು ಹತ್ತು ವರ್ಷದ ಮೇಲೆ ಎಂಥ ನ್ಯಾಯಾಧೀಶರೂ ತೂಗಲಾರರು.