ತಿದ್ದುವ ಮಾತನ್ನು ವಿನಯದಿಂದ ಸ್ವೀಕರಿಸೋಣ



ಶತಮಾನೋತ್ಸವದ ಶುಭವೇಳೆಯಲ್ಲಿ ಹೊಗಳಿಕೆ ಸಹಜ. ಆದರೆ ಧರ್ಮಕೇಂದ್ರವನ್ನು ಬೆಳೆಸುವುದು ತಿದ್ದುವ ಮಾತು.

ಅಂತಿಯೋಕ್ಯದಲ್ಲಿ ಅನ್ಯಜನಾಂಗದ ವಿಶ್ವಾಸಿಗಳೊಡನೆ ಉಣ್ಣುತ್ತಿದ್ದ ಸಂತ ಪೇತ್ರರು, ಜೆರುಸಲೇಮಿನಿಂದ ಕೆಲವರು ಬಂದೊಡನೆ ಅಂಜಿ ಪಂಕ್ತಿಯಿಂದ ಸರಿದರು. ಸಂತ ಪೌಲರು ಎಲ್ಲರೆದುರಿಗೇ ಅವರನ್ನು ಖಂಡಿಸಿದರೆಂಬುದು ಗಲಾತ್ಯರಿಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿದೆ. ಪೇತ್ರರು ಪ್ರೇಷಿತರಲ್ಲಿ ಅಗ್ರಗಣ್ಯರು. ಪೌಲರಾದರೋ ಒಮ್ಮೆ ಧರ್ಮಸಭೆಯನ್ನೇ ಹಿಂಸಿಸಿದವರು. ಆದರೂ ಪೇತ್ರರ 2ನೆಯ ಪತ್ರ ಅದೇ ಪೌಲರನ್ನು ಪ್ರಿಯ ಸಹೋದರರೆಂದು ಕರೆಯುತ್ತದೆ.

ನಾವಾದರೋ ಮಾತನ್ನು ತೂಗುವ ಮೊದಲು ಆಡಿದವರನ್ನು ತೂಗುತ್ತೇವೆ. ಉಳ್ಳವರು ಹೇಳಿದರೆ ಸಲಹೆ, ಬಡವರು ಹೇಳಿದರೆ ತಕರಾರು! ‘ದೇವಾಲಯದಲ್ಲಿಯೂ ನಮ್ಮನ್ನು ಬೇರೆಯಾಗಿ ಕಾಣುತ್ತೀರಿ’ ಎಂದು ದಲಿತ ಸಹೋದರನೊಬ್ಬ ನೊಂದು ನುಡಿದರೆ, ಅದು ಅಂತಿಯೋಕ್ಯದ ಪ್ರಶ್ನೆಯೇ ಅಲ್ಲವೇ? ಎಲ್ಲ ಟೀಕೆಯೂ ಸತ್ಯವಲ್ಲ. ಆದರೆ ಪೂರ್ತಿ ಕೇಳದೆ, ಪ್ರಾರ್ಥನೆಯಲ್ಲಿ ಪರೀಕ್ಷಿಸದೆ ಅದು ತಿಳಿಯದು.

ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡದ ನೀರು ಹರಿದು ಅಕ್ಕತಂಗಿಯರ ಹೊಂಡವನ್ನು ತುಂಬುತ್ತದೆ, ಅದು ತಗ್ಗಿನಲ್ಲಿರುವುದರಿಂದ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಬರವನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಗ್ಗಿದ ಮನಸ್ಸಿನಲ್ಲಿಯೇ ಕೃಪೆ ನಿಲ್ಲುತ್ತದೆ. ಆ ವಿನಯವನ್ನು ಪ್ರಭು ಕ್ರಿಸ್ತರು ನಮಗೆಲ್ಲರಿಗೂ ಅನುಗ್ರಹಿಸಲಿ.